ಮೂಗರ ಗ್ಯಾಂಗಿನ ಮೇಸ್ತ್ರಿ

ಬೆಳಗಿನ ಆರು ಗಂಟೆ. ತೊಂಡೇಬಾವಿ ಸ್ಟೇಷನ್ನಿನಿಂದ ಗೌರಿಬಿದನೂರಿನ ಕಡೆಗೆ ಒಂದು ಮೈಲಿ ದೂರದಲ್ಲಿ, ರೈಲು ಕಂಬಿಯ ಪಕ್ಕದ ಜಲ್ಲಿಯ ಮೇಲೆ ಒಬ್ಬರು ಮೊಣಕಾಲೂರಿ, ಎರಡು ಅಂಗೈಯನ್ನೂ ನೆಲಕ್ಕೆ ಕೊಟ್ಟು, ಕೆನ್ನೆಯನ್ನು ಕಂಬಿಗೆ ತಾಗಿಸಿಕೊಂಡು ಬಗ್ಗಿದ್ದಾರೆ. ಹೊಸಬರು ನೋಡಿದರೆ ಎದೆ ಧಸಕ್ಕೆನ್ನಬೇಕು, ಹಾಗಿದೆ. ಒಂದು ಕಣ್ಣು ಮುಚ್ಚಿದೆ. ಇನ್ನೊಂದು ಕಣ್ಣು ಕಂಬಿಯ ನೆತ್ತಿಯ ಮೇಲೆ ಜಾರಿಕೊಂಡು ದೂರ ಹೋಗಿದೆ. ನಲವತ್ತು ಹೆಜ್ಜೆಯಾಚೆ ಹನ್ನೆರಡು ಜನ ಹಾರೆಗಳನ್ನು ಕಂಬಿಯ ಕೆಳಗೆ ಕೊಟ್ಟು, ಉಸಿರು ಹಿಡಿದು, ಈ ಮನುಷ್ಯನನ್ನೇ ನೋಡುತ್ತಿದ್ದಾರೆ.

ಬಗ್ಗಿದವರು ಬಲಗೈ ಎತ್ತುತ್ತಾರೆ. ಎರಡು ಬೆರಳು ಎಡಕ್ಕೆ ಒಂದಿಷ್ಟು ಅಲುಗುತ್ತವೆ. ಹನ್ನೆರಡು ಹಾರೆಗಳೂ ಒಟ್ಟಿಗೆ ಒತ್ತುತ್ತವೆ. ಕಂಬಿ ಗೊರಕ್ಕೆಂದು ಒಂದು ನೂಲಿನಷ್ಟು ಸರಿಯುತ್ತದೆ. ಬೆರಳುಗಳು ಮಡಿಚಿ ಮುಷ್ಟಿಯಾಗುತ್ತವೆ. ಹಾರೆಗಳು ನಿಲ್ಲುತ್ತವೆ. ಒಬ್ಬರಾದರೂ ಪಿಟಕ್ಕೆಂದಿಲ್ಲ.

ತಲೆಯ ಮೇಲೆ ಹುರುಳಿಕಾಯಿ ಮಂಕರಿ ಹೊತ್ತು ಸ್ಟೇಷನ್ನಿಗೆ ಹೊರಟ ಹೆಂಗಸೊಬ್ಬರು ನಿಂತು ನಗುತ್ತಾರೆ. "ಏನ್ರಪ್ಪಾ, ಇವತ್ತೂ ಮೌನವ್ರತಾನಾ?"

ಹಾರೆ ಹಿಡಿದವರಲ್ಲಿ ಎಲ್ಲರಿಗಿಂತ ಮುಂದೆ ನಿಂತಿರುವ ಮುನಿಶಾಮಿ, ಮುಷ್ಟಿ ಸಡಿಲವಾಗುವುದನ್ನೇ ಕಾದಿದ್ದು ಉತ್ತರ ಕೊಡುತ್ತಾರೆ. "ಯಮ್ಮಾ, ನಮ್ಮ ಮೇಸ್ತ್ರಿ ಬಾಯಿ ಬಿಟ್ರೆ ರೈಲೇ ನಿಂತೋಗ್ತದೆ. ಆಮೇಲೆ ನಿನ್ನ ಹುರುಳಿಕಾಯಿ ಇಲ್ಲೇ ಬಾಡ್ತದೆ. ನಡಿ ನಡಿ."

ಆ ಬಾಯಿ ಬಿಡದ ಮೇಸ್ತ್ರಿಯ ಹೆಸರು ಆವುಲಪ್ಪ. ವಯಸ್ಸು ಐವತ್ತೇಳು. ತೊಂಡೇಬಾವಿಯ ಪಕ್ಕದ ಹಳ್ಳಿಯವರು. ದಾರಿ ಕಾಯುವ ಈ ಹನ್ನೆರಡು ಜನರ ಗ್ಯಾಂಗಿಗೆ ಎಂಟು ವರ್ಷದಿಂದ ಅವರೇ ಯಜಮಾನರು. ಆರು ಕಿಲೋಮೀಟರು ಹಳಿ ಇವರ ಪಾಲಿನದು. ಕಂಬಿಯ ಅಡಿಗೆ ಕಿಲೋಮೀಟರಿಗೆ ಸಾವಿರದೈನೂರರ ಮೇಲೆ ದಿಮ್ಮಿ. ಜಲ್ಲಿ ಕುಸಿದಲ್ಲಿ ತುಂಬಬೇಕು, ಕಂಬಿ ಸೊಟ್ಟಗಾದಲ್ಲಿ ನೆಟ್ಟಗೆ ಮಾಡಬೇಕು, ಸವೆದದ್ದನ್ನು ಬದಲಿಸಬೇಕು. ಒಂದು ಕಂಬಿ ಹತ್ತಿರ ಹತ್ತಿರ ಆರು ನೂರು ಕಿಲೋ ತೂಗುತ್ತದೆ. ಅದನ್ನು ಹನ್ನೆರಡು ಜನ ಹನ್ನೆರಡು ಮನಸ್ಸಿನಿಂದ ಎತ್ತಿದರೆ ಯಾರದೋ ಕಾಲು ಹೋಗುತ್ತದೆ. ಒಂದೇ ಮನಸ್ಸಿನಿಂದ ಎತ್ತಿಸುವುದೇ ಮೇಸ್ತ್ರಿಯ ಕೆಲಸ. ಅದಕ್ಕೇ ಹಳೆಯ ಮೇಸ್ತ್ರಿಗಳನ್ನೆಲ್ಲ ಗಂಟಲು ನೋಡಿಯೇ ಆರಿಸುತ್ತಿದ್ದರು ಎಂದು ಇಲ್ಲಿನವರು ಹೇಳುತ್ತಾರೆ.

ಆವುಲಪ್ಪನವರಿಗೆ ಗಂಟಲೇನೋ ಇತ್ತು, ಅದರೊಳಗಿಂದ ಮಾತು ಹೊರಡುವುದು ಅಪರೂಪ. ಶಾಲೆಗೆ ಹೋದದ್ದು ಎರಡೇ ವರ್ಷ. ಮೇಷ್ಟ್ರು ಹೆಸರು ಕೇಳಿದರೆ ಪಕ್ಕದಲ್ಲಿ ಕೂತವನು ಹೇಳುವವರೆಗೂ ಕಾಯುತ್ತಿದ್ದರಂತೆ. ಇಪ್ಪತ್ತು ತುಂಬಿದ ಮೇಲೆ ರೈಲ್ವೆಯಲ್ಲಿ ದಿನಗೂಲಿಗೆ ಸೇರಿ, ಆಮೇಲೆ ಕಾಯಂ ಆಗಿ, ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಸಾಲಿನ ಕೊನೆಯಲ್ಲಿ ಹಾರೆ ಹಿಡಿದು ನಿಂತರು. ಊಟಕ್ಕೆ ಕೂತಾಗ ಎಲ್ಲರೂ ಗುಂಪಾಗಿ ಹುಣಿಸೇ ಮರದ ಕೆಳಗೆ ಸೇರಿದರೆ ಇವರು ಅದೇ ನೆರಳಿನ ಅಂಚಿನಲ್ಲಿ, ಬೆನ್ನು ತಿರುಗಿಸಿಯೂ ಅಲ್ಲ, ಎದುರಾಗಿಯೂ ಅಲ್ಲ, ಹಾಗೆ ಕೂರುತ್ತಿದ್ದರು.

ಹೆಂಡತಿ ಕೊಂಡಮ್ಮನವರಿಗೆ ಈ ವಿಷಯ ತೆಗೆದರೆ ನಗು ತಡೆಯಲಾಗುವುದಿಲ್ಲ. "ಮದುವೆ ಆಗಿ ಹದಿನೈದು ದಿನಕ್ಕೆ ನನ್ ಹತ್ರ ಮೊದಲ್ನೇ ಮಾತಾಡಿದ್ದು. ಏನಂದ್ರು ಅಂತೀರಾ? 'ನೀರು' ಅಂದ್ರು. ಅಷ್ಟೇ. ನಾನು ಚೊಂಬು ತಂದ್ಕೊಟ್ಟು, ಇನ್ನೇನೋ ಹೇಳ್ತಾರೆ ಅಂತ ನಿಂತೆ. ಕುಡಿದು ಚೊಂಬು ವಾಪಸ್ ಕೊಟ್ರು."

ಇಂಥವರನ್ನು ಮೇಸ್ತ್ರಿ ಮಾಡಿದ್ದು ಬಯ್ಯಪ್ಪನವರು. ಅವರು ಹಿಂದಿನ ಮೇಸ್ತ್ರಿ. ಕೂಗಿದರೆ ಬೆಟ್ಟ ಮಾರುತ್ತರ ಕೊಡುತ್ತಿತ್ತು, ಅಂಥ ಗಂಟಲು. ಎಂಬತ್ತಾರನೆಯ ಇಸವಿಯಲ್ಲಿ ನಿವೃತ್ತರಾಗುವಾಗ ಇನ್ಸ್‌ಪೆಕ್ಟರ್ ವರದರಾಜ ಅವರು, "ನಿನ್ನ ಜಾಗಕ್ಕೆ ಮುನಿಶಾಮಿ ತಾನೆ?" ಎಂದರು. ಮುನಿಶಾಮಿ ಗ್ಯಾಂಗಿನ ಪದ ಹೇಳುವವರು. ಭಾರ ಹೊರುವಾಗ ಅವರು ಒಂದು ಸಾಲು ಎತ್ತಿಕೊಟ್ಟರೆ ಉಳಿದವರು ಅದಕ್ಕೆ ದನಿ ಸೇರಿಸುತ್ತಿದ್ದರು. ಎಲ್ಲರೂ ಅವರೇ ಎಂದುಕೊಂಡಿದ್ದರು. ಬಯ್ಯಪ್ಪನವರು ತಲೆ ಅಲ್ಲಾಡಿಸಿದರು.

"ಇಲ್ಲ ಸಾಮಿ. ಕೂಗ್ತಿದ್ದೋನು ನಾನು. ಎಲ್ಲಿ ಏನು ಕೆಟ್ಟಿದೆ ಅಂತ ನಂಗೆ ಬಂದು ತೋರಿಸ್ತಿದ್ದೋನು ಆವುಲಪ್ಪ. ಹತ್ತು ವರ್ಷದಿಂದ ಅವನ ಕಣ್ಣಲ್ಲೇ ನಾನು ಮೇಸ್ತ್ರಿಕೆ ಮಾಡಿದ್ದು."

ಇನ್ಸ್‌ಪೆಕ್ಟರಿಗೆ ನಂಬಿಕೆ ಬರಲಿಲ್ಲ. ಆದರೂ ಹಿರಿಯನ ಮಾತು ತೆಗೆದುಹಾಕಲಾರದೆ, "ಆರು ತಿಂಗಳು ನೋಡ್ತೀನಿ" ಎಂದರು. ಗ್ಯಾಂಗಿನಲ್ಲಿ ನಗೆಯೋ ನಗೆ. "ಮೂಗನಿಗೆ ಮೇಸ್ತ್ರಿಕೆ, ಕುಂಟನಿಗೆ ಓಟದ ಪಂದ್ಯ!" ಎಂದು ಮುನಿಶಾಮಿ ಎಲ್ಲರ ಮುಂದೆ ಆಡಿಬಿಟ್ಟರು. ಆವುಲಪ್ಪನವರಿಗೆ ಕೇಳಿಸಿತು. ಅವರು ಬಗ್ಗಿ ಒಂದು ಜಲ್ಲಿಕಲ್ಲನ್ನು ಆ ಕಡೆಯಿಂದ ಈ ಕಡೆಗೆ ಇಟ್ಟು ಮುಂದೆ ನಡೆದರು.

ಮೊದಲ ಕೆಲವು ವಾರ ಹೇಗೋ ಸಾಗಿತು. ಆವುಲಪ್ಪನವರು ಮುನಿಶಾಮಿಯ ಹತ್ತಿರ ಬಂದು ಮೆಲ್ಲಗೆ ಹೇಳುವುದು, ಮುನಿಶಾಮಿ ಅದನ್ನು ಕೂಗುವುದು. ಅದರಲ್ಲಿ ಒಂದು ಮಾತಿಗೆ ನಾಲ್ಕು ಮಾತು ಮುನಿಶಾಮಿಯದೇ ಸೇರಿಕೊಳ್ಳುತ್ತಿತ್ತು. ಒಂದು ದಿನ ಇನ್ಸ್‌ಪೆಕ್ಟರು ಇದನ್ನು ನೋಡಿ ರೇಗಿದರು. "ಮೇಸ್ತ್ರಿ ಯಾರಯ್ಯ ಇಲ್ಲಿ? ನಾಳೆಯಿಂದ ನೀನೇ ಕೂಗಬೇಕು."

ಮಾರನೆಯ ದಿನ ಒಂದು ಕಂಬಿ ಕೂರಿಸುವ ಕೆಲಸ. ಹನ್ನೆರಡು ಜನ ಹಾರೆ ಕೊಟ್ಟು ಪಕ್ಕಕ್ಕೆ ಒತ್ತುತ್ತಿದ್ದರು. ಆವುಲಪ್ಪನವರು ದೂರದಲ್ಲಿ ಬಗ್ಗಿ ಕಣ್ಣಿಟ್ಟಿದ್ದರು. ಕಂಬಿ ಸರಿಯಾದ ಜಾಗಕ್ಕೆ ಬಂತು. ಜನ್ಮದಲ್ಲೇ ಮೊದಲ ಬಾರಿಗೆ ಅವರು ಗಂಟಲೆತ್ತಿ ಒಂದು ಮಾತು ಕೂಗಿದರು.

"ಚಾಲು!"

ಈ ಕಡೆ ಮನೆಮನೆಯಲ್ಲೂ ತೆಲುಗು. ತೆಲುಗಿನಲ್ಲಿ ಚಾಲು ಎಂದರೆ ಸಾಕು. ಒಂಬತ್ತು ಜನ ಹಾರೆ ಸಡಿಲಬಿಟ್ಟರು. ಆದರೆ ಆ ತಿಂಗಳಷ್ಟೇ ಹುಬ್ಬಳ್ಳಿ ಕಡೆಯಿಂದ ವರ್ಗವಾಗಿ ಬಂದಿದ್ದ ಫಕ್ಕೀರಪ್ಪ ಮತ್ತು ಅವರ ಜೊತೆಯ ಇಬ್ಬರಿಗೆ ತೆಲುಗು ಎಲ್ಲಿಂದ ಬರಬೇಕು? ಅವರ ಊರಿನಲ್ಲಿ ಚಾಲೂ ಎಂದರೆ ಶುರು. ಮೂವರೂ ಇದ್ದ ಬಲವನ್ನೆಲ್ಲ ಬಿಟ್ಟು ಒತ್ತಿದರು. ಕಂಬಿ ಒಂದು ತುದಿಯಲ್ಲಿ ಎಗರಿ ಬಿತ್ತು. ಅದು ಬಿದ್ದದ್ದು ಮುನಿಶಾಮಿಯ ಎಡಗಾಲಿನ ಮೇಲೆ.

ಎರಡು ಬೆರಳು ಹೋದವು. ಗೌರಿಬಿದನೂರಿನ ಆಸ್ಪತ್ರೆಗೆ ಟ್ರಾಲಿಯ ಮೇಲೆ ಮಲಗಿಸಿಕೊಂಡು ಹೋದರು. ಫಕ್ಕೀರಪ್ಪ ಅಳುತ್ತಿದ್ದರಂತೆ. ಆ ದಿನವನ್ನು ಕೇಳಿದರೆ ಈಗಲೂ ಅವರ ದನಿ ಇಳಿಯುತ್ತದೆ. "ನಮ್ಮ ಕಡೆ ಚಾಲೂ ಅಂದ್ರ ಸುರು ಮಾಡ್ರಿ ಅಂತ ಅರ್ಥರಿ. ಮೇಸ್ತ್ರಿ ಮೊದಲನೇ ಸಲ ಬಾಯಿ ತಗದಾರ, ಜೋರ್ ಮಾಡೂಣು ಅಂತ ಮಾಡಿದ್ವಿರಿ."

ಇನ್ಸ್‌ಪೆಕ್ಟರು ಕಾಗದ ಬರೆದುಕೊಂಡು ಹೋಗುವಾಗ ಆವುಲಪ್ಪನವರ ಮುಂದೆ ನಿಂತರು. "ಇನ್ನೂ ನಾಲ್ಕು ತಿಂಗಳಿದೆ. ಇನ್ನೊಬ್ಬನಿಗೆ ಪೆಟ್ಟಾದ್ರೆ ನೀನು ಮತ್ತೆ ಹಾರೆ ಹಿಡೀತೀಯ, ತಿಳ್ಕೊ" ಎಂದರು. ಆವುಲಪ್ಪನವರಿಗೆ ಮತ್ತೆ ಹಾರೆ ಹಿಡಿಯುವುದು ಶಿಕ್ಷೆಯಾಗಿ ಕಾಣಲಿಲ್ಲ. ಆ ಇನ್ನೊಬ್ಬ ಯಾರು ಎನ್ನುವುದೇ ಅವರನ್ನು ತಿಂದದ್ದು. ಉಳಿದ ಹನ್ನೊಂದು ಮುಖಗಳೂ ಕಣ್ಣ ಮುಂದೆ ಬರುತ್ತಿದ್ದವು.

ಸಾಯಂಕಾಲ ಮನೆಗೆ ಬಂದು ತಟ್ಟೆಯ ಮುಂದೆ ಕೂತರು. ಕೊಂಡಮ್ಮನವರು ಮುದ್ದೆ ಇಟ್ಟು ಸಾರು ಬಿಟ್ಟರು. ಎರಡು ತುತ್ತಾದ ಮೇಲೆ ಆವುಲಪ್ಪನವರು ನೀರಿನ ಚೊಂಬನ್ನು ಹತ್ತಿರಕ್ಕೆ ಎಳೆದುಕೊಂಡರು. ಕೊಂಡಮ್ಮನವರು ಒಡನೆ ಎದ್ದು ಸಾರಿಗೆ ಬಿಸಿನೀರು ಬೆರೆಸಿ ತಂದರು.

"ಉಪ್ಪು ಜಾಸ್ತಿ ಆಯ್ತಾ?"

ಆವುಲಪ್ಪನವರು ತಲೆ ಆಡಿಸಿ, ಇನ್ನೊಂದು ತುತ್ತು ಮುರಿದು, ಹಾಗೇ ನಿಲ್ಲಿಸಿದರು. "ನಾಳೆ ಮೇಸ್ತ್ರಿ ಕೆಲ್ಸ ಬಿಟ್ಬಿಡ್ತೀನಿ" ಎಂದರು. "ನಂಗೆ ಕೂಗಕ್ ಬರಲ್ಲ. ಕೂಗಿದ್ರೆ ಇಂಗಾಯ್ತದೆ."

"ಯಾರು ಕೂಗು ಅಂದ್ರು?" ಕೊಂಡಮ್ಮನವರು ಸೌಟು ಕೆಳಗಿಟ್ಟರು. "ಇಪ್ಪತ್ತೈದು ವರ್ಷ ಆಯ್ತು, ಸಾರಲ್ಲಿ ಉಪ್ಪು ಜಾಸ್ತಿ ಅಂತ ಒಂದ್ ದಿನಾನಾ ಬಾಯ್ಬಿಟ್ಟು ಹೇಳಿದ್ದೀಯಾ? ಚೊಂಬು ಎಳ್ಕೊಂತೀಯ. ನಂಗೆ ಗೊತ್ತಾಯ್ತದೆ. ನಾನೊಬ್ಬಳು ದಡ್ಡಿ ಕಲಿತ್ನಲ್ಲ, ಆ ಹನ್ನೆರಡು ಗಂಡಸರಿಗೆ ಕಲಿಯಕ್ಕೆ ಏನು ರೋಗ?"

ಮರುದಿನ ಬೆಳಿಗ್ಗೆ ಆವುಲಪ್ಪನವರು ಮುನಿಶಾಮಿಯ ಮನೆಗೆ ಹೋದರು. ಮುನಿಶಾಮಿ ಕಾಲಿಗೆ ಬಟ್ಟೆ ಸುತ್ತಿಕೊಂಡು ಜಗುಲಿಯ ಮೇಲೆ ಮಲಗಿದ್ದರು. ಅವರ ಹೆಂಡತಿ ರಾಮಲಕ್ಷ್ಮಮ್ಮ ಮುಖ ತಿರುಗಿಸಿ ಒಳಗೆ ಹೋದರು. ಆವುಲಪ್ಪನವರು ನಿಂತೇ ಇದ್ದರು. ಕೊನೆಗೆ ಮುನಿಶಾಮಿಯೇ ತಡೆಯಲಾರದೆ ಬಾಯಿ ಬಿಟ್ಟರು.

"ಜನ್ಮದಾಗೆ ಒಂದೇ ಒಂದು ಮಾತು ಕೂಗ್ದೆ. ಅದರಲ್ಲೇ ನನ್ ಕಾಲು ತೆಗೆದೆ. ಇನ್ನು ನೀನು ಭಾಷಣ ಗೀಷಣ ಮಾಡಿದ್ರೆ ತೊಂಡೇಬಾವೀನೇ ಉಳಿಯಲ್ಲ ಕಣೋ!"

ಆವುಲಪ್ಪನವರು ಜಗುಲಿಯ ಅಂಚಿನಲ್ಲಿ ಕೂತರು. ಕೂತು, ತಪ್ಪಾಯಿತು ಎನ್ನುವ ಬದಲು, ಬಲಗೈ ಮುಷ್ಟಿ ಕಟ್ಟಿ ತೋರಿಸಿದರು.

"ಏನದು? ಗುದ್ದಕ್ ಬಂದ್ಯಾ?"

"ನಿಲ್ಸು ಅಂತ" ಎಂದರು ಆವುಲಪ್ಪನವರು.

ಆಮೇಲೆ ಒಂದೊಂದಾಗಿ ಉಳಿದ ಸನ್ನೆಗಳನ್ನೂ ತೋರಿಸಿದರು. ಅಂಗೈ ಮೇಲಕ್ಕೆ: ಎತ್ತು. ಅಂಗೈ ಕೆಳಕ್ಕೆ: ಮೆಲ್ಲಗೆ ಇಳಿಸು. ಎರಡು ಬೆರಳು ತಿರುಗಿದ ಕಡೆಗೆ ಒತ್ತು. ತಲೆಯ ಮೇಲಿನ ಟವೆಲು ತೆಗೆದರೆ ಎಲ್ಲ ಬಿಟ್ಟು ಹಳಿಯಿಂದ ಆಚೆಗೆ ಹೋಗು. ದೂರದಿಂದ ಕೈ ತೋರಿಸಿ ಕೆಲಸ ಮಾಡಿಸುವುದು ಈ ಕಸುಬಿಗೆ ಹೊಸದೇನಲ್ಲ. ಬಯ್ಯಪ್ಪನವರ ಗಂಟಲಿನ ಮುಂದೆ ಅದು ಬೇಕಾಗದೆ ಮೂಲೆ ಸೇರಿತ್ತು, ಅಷ್ಟೆ. ಕೈಗೆ ತೆಲುಗೂ ಇಲ್ಲ, ಹುಬ್ಬಳ್ಳಿಯೂ ಇಲ್ಲ.

ಒಳಗಿನಿಂದ ರಾಮಲಕ್ಷ್ಮಮ್ಮನವರ ಮಾತು ತೂರಿ ಬಂತು. "ಈ ಕೈಸನ್ನೆ ಮೊದ್ಲೇ ಮಾಡಿದ್ರೆ ನಮ್ಮಾಯಪ್ಪನ ಬೆರಳು ಉಳೀತಿದ್ವು!" ಆವುಲಪ್ಪನವರು ಒಳಬಾಗಿಲ ಕಡೆ ತಿರುಗಿ ಕೈ ಮುಗಿದರು.

ಕಲಿಸುವುದು ಸುಲಭವಾಗಲಿಲ್ಲ. ಹನ್ನೆರಡು ಜನರ ಕಿವಿಗೆ ಇದ್ದ ಅಭ್ಯಾಸವನ್ನು ಕಣ್ಣಿಗೆ ದಾಟಿಸಬೇಕಿತ್ತು. ದಿನಾ ಬೆಳಿಗ್ಗೆ ಕೆಲಸಕ್ಕೆ ಮೊದಲು ಬರೀ ಹಾರೆ ಹಿಡಿಸಿ, ಕಂಬಿಯಿಲ್ಲದೆ, ಗಾಳಿಯಲ್ಲೇ ಎತ್ತಿಸುತ್ತಿದ್ದರು. ದಾರಿಯಲ್ಲಿ ಹೋಗುವವರು ನಿಂತು ನೋಡಿ, ಮೂಗರ ಗ್ಯಾಂಗು ಎಂದು ಹೆಸರಿಟ್ಟರು. ಒಂದು ದಿನ ಗ್ಯಾಂಗಿನವನೊಬ್ಬ ಕುಡಿದು ಬಂದ. ಬಯ್ಯಪ್ಪನವರಾಗಿದ್ದರೆ ಅವನ ಏಳು ತಲೆಮಾರನ್ನು ಕರೆಯುತ್ತಿದ್ದರು. ಆವುಲಪ್ಪನವರು ಅವನ ಕೈಯಿಂದ ಹಾರೆ ತೆಗೆದುಕೊಂಡರು, ತಮ್ಮ ಊಟದ ಬುತ್ತಿಯನ್ನು ಅವನ ಕೈಗಿಟ್ಟರು, ಹುಣಿಸೇ ಮರ ತೋರಿಸಿದರು. ಅವನ ಜಾಗದಲ್ಲಿ ತಾವೇ ನಿಂತು ಸಾಯಂಕಾಲದವರೆಗೆ ಹಾರೆ ಹಾಕಿದರು. ಅವನು ಮರದ ಕೆಳಗೆ ಕೂತು ಅದನ್ನು ನೋಡಿದ. "ಬೈದಿದ್ರೆ ಇನ್ನೊಂದ್ ದಿನ ಕುಡ್ಕೊಂಡ್ ಬರ್ತಿದ್ದೆ" ಎಂದು ಆಮೇಲೆ ಅವನೇ ಹೇಳಿದನಂತೆ.

ಮೂರು ತಿಂಗಳಿಗೆ ಮುನಿಶಾಮಿ ಕುಂಟಿಕೊಂಡು ಕೆಲಸಕ್ಕೆ ಬಂದರು. "ಕುಂಟನ ಮಾತು ಆಡಿದ್ನಲ್ಲ, ದೇವ್ರು ತಕ್ಷಣ ಸೈನ್ ಹಾಕ್ಬಿಟ್ಟ" ಎಂದು ತಮ್ಮನ್ನು ತಾವೇ ಹಂಗಿಸಿಕೊಂಡು ಸಾಲಿನಲ್ಲಿ ನಿಂತರು.

ಇನ್ಸ್‌ಪೆಕ್ಟರು ಕೊಟ್ಟ ಅವಧಿ ಮುಗಿಯಲು ಎಂಟು ದಿನ ಉಳಿದಿತ್ತು. ಪುಷ್ಯ ಮಾಸ, ಕೊರೆಯುವ ಚಳಿ. ಅಂಥ ಚಳಿಯಲ್ಲಿ ಕಬ್ಬಿಣ ಕುಗ್ಗುತ್ತದೆ, ಕೆಲವು ಸಲ ಸೀಳುತ್ತದೆ. ಬೆಳಗಿನ ಜಾವ ಹಳಿಯುದ್ದಕ್ಕೂ ನಡೆದು ನೋಡುವ ನಲ್ಲಪ್ಪನವರಿಗೆ ಒಂದು ಕಂಬಿ ಬಿರಿದಿರುವುದು ಕಂಡಿತು. ಕೆಂಪು ಬಾವುಟ ನೆಟ್ಟು ಓಡಿಬಂದು ಸುದ್ದಿ ಕೊಟ್ಟರು. ಬೆಂಗಳೂರಿಗೆ ಹೋಗುವ ಪ್ಯಾಸೆಂಜರು ಗಾಡಿ ಬಿರುಕಿನ ಈಚೆಗೇ ನಿಂತಿತು. ಇನ್ಸ್‌ಪೆಕ್ಟರು ಟ್ರಾಲಿಯಲ್ಲಿ ಬರುವ ಹೊತ್ತಿಗೆ ಬಿಸಿಲು ಬಿದ್ದಿತ್ತು. ಆಫೀಸಿಗೆ ಹೊರಟ ಗುಮಾಸ್ತರು, ಮೇಷ್ಟ್ರುಗಳು ಕೆಳಗಿಳಿದು ಗುಂಪುಗೂಡಿದ್ದರು. ಇಂಜಿನ್ನು ಗುಡುಗುತ್ತಾ ನಿಂತಿತ್ತು.

ಒಡೆದ ಕಂಬಿಯನ್ನು ಆಗಲೇ ತೆಗೆದುಹಾಕಿದ್ದರು. ಹೊಸ ಕಂಬಿಯನ್ನು ಇಕ್ಕಳಗಳಲ್ಲಿ ಹಿಡಿದು ಎತ್ತಬೇಕಿತ್ತು. ಆವುಲಪ್ಪನವರು ಎಲ್ಲರಿಗೂ ಕಾಣುವಂತೆ ಮಣ್ಣಿನ ದಿಬ್ಬದ ಮೇಲೆ ನಿಂತಿದ್ದರು.

"ಏನ್ರೀ ಇದು, ಮೇಸ್ತ್ರಿ ಎಲ್ಲಿ? ಯಾರೂ ಕೂಗ್ತಾನೇ ಇಲ್ವಲ್ಲ!" ಎಂದರು ಪ್ರಯಾಣಿಕರೊಬ್ಬರು. "ಹಿಂಗಾದ್ರೆ ನಾವು ನಾಳೆ ತಲುಪ್ತೀವಿ."

ಇನ್ಸ್‌ಪೆಕ್ಟರಿಗೆ ಹಿಂದಿನಿಂದ ಇನ್ನೊಂದು ಗಾಡಿ ಬರುವ ಚಿಂತೆ. ಅವರು ಮುನಿಶಾಮಿಯ ಕಡೆ ತಿರುಗಿದರು. "ಮುನಿಶಾಮಿ, ನೀನು ಕೂಗಯ್ಯ. ಇವನ ಕೈಲಿ ಆಗೋದಲ್ಲ ಇದು."

ಆರು ತಿಂಗಳ ಹಿಂದೆ ಮುನಿಶಾಮಿ ಕಾದಿದ್ದ ಮಾತು ಅದು. ಅವರು ಇಕ್ಕಳ ಬಿಡದೆ, ತಲೆ ತಿರುಗಿಸದೆ ಹೇಳಿದರು. "ನಾನು ಕೂಗಿದ್ರೆ ಯಾರೂ ಎತ್ತಲ್ಲ ಸಾಮಿ. ಇವ್ರೆಲ್ಲ ಈಗ ಕಿವಿ ಮನೇಲಿಟ್ಟು ಬತ್ತಾರೆ."

ಅಂಗೈ ಮೇಲಕ್ಕೆ ಹೋಯಿತು. ಕಂಬಿ ಎದ್ದಿತು. ಬೆರಳು ತಿರುಗಿತು. ಕಂಬಿ ಹಳಿಯ ಮೇಲಕ್ಕೆ ಬಂದು ದಿಮ್ಮಿಗಳ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತಿತು. ಇಳಿಸುವುದೊಂದೇ ಬಾಕಿ. ಅಷ್ಟರಲ್ಲಿ ಆವುಲಪ್ಪನವರ ಕೈ ಮುಷ್ಟಿಯಾಯಿತು.

"ಇಳಿಸ್ರಯ್ಯಾ! ಇಳಿಸಿ! ಏನು ನೋಡ್ತಾ ನಿಂತ್ರಿ?" ಇನ್ಸ್‌ಪೆಕ್ಟರು ಕೂಗಿದರು. ಪ್ರಯಾಣಿಕರೂ ಕೂಗಿದರು. "ಇಳಿಸ್ರಪ್ಪಾ, ಬಿಡಿ!"

ಯಾರೂ ಇಳಿಸಲಿಲ್ಲ. ಆರು ನೂರು ಕಿಲೋ ಕೈಯಲ್ಲಿ ಹಿಡಿದು, ಕುತ್ತಿಗೆಯ ನರ ಉಬ್ಬಿಸಿಕೊಂಡು, ದಿಬ್ಬದ ಮೇಲಿನ ಮುಷ್ಟಿಯನ್ನೇ ನೋಡುತ್ತಾ ನಿಂತರು. ಹಿಡಿದವರು ಹನ್ನೊಂದೇ ಜನ. ಹನ್ನೆರಡನೆಯವರಾದ ಫಕ್ಕೀರಪ್ಪ, ದಿಮ್ಮಿಯ ಮೇಲೆ ಉರುಳಿ ಕೂತಿದ್ದ ಒಂದು ಜಲ್ಲಿಕಲ್ಲನ್ನು ತೆಗೆಯಲು ಬಗ್ಗಿದ್ದರು. ಅವರ ಬಲಗೈ ಮೊಣಕೈವರೆಗೆ ಕಂಬಿಯ ಕೆಳಗಿತ್ತು. ಕೂಗುತ್ತಿದ್ದವರ ಕಡೆಯಿಂದ ಅದು ಕಾಣುತ್ತಿರಲಿಲ್ಲ.

ಕಲ್ಲು ಹೊರಬಂತು. ಕೈ ಹೊರಬಂತು. ಫಕ್ಕೀರಪ್ಪ ಎದ್ದು ನಿಂತು ಇಕ್ಕಳ ಹಿಡಿದರು. ಆಗ ಮುಷ್ಟಿ ಬಿಚ್ಚಿ ಅಂಗೈ ಕೆಳಕ್ಕೆ ತಿರುಗಿತು. ಕಂಬಿ ಸದ್ದಿಲ್ಲದೆ ಕೂತಿತು.

ಇನ್ಸ್‌ಪೆಕ್ಟರು ಫಕ್ಕೀರಪ್ಪನವರ ಕೈ ಹೊರಬಂದದ್ದನ್ನು ನೋಡಿದ್ದರು. ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಗಾಡಿ ಹೋದ ಮೇಲೆ ಆವುಲಪ್ಪನವರ ಹತ್ತಿರ ಬಂದು, "ನಾನು ಕೂಗಿದ್ದು ಕೇಳಿಸ್ತಾ ನಿನಗೆ?" ಎಂದರು.

"ಕೇಳಿಸ್ತು ಸಾಮಿ" ಎಂದರು ಆವುಲಪ್ಪನವರು. "ಅವನ ಕೈ ಕಾಣಿಸ್ತಿತ್ತು."

ಎಂಟು ದಿನ ಕಾಯದೆ, ಇನ್ಸ್‌ಪೆಕ್ಟರು ಆ ಸಾಯಂಕಾಲವೇ ಅವರನ್ನು ಮೇಸ್ತ್ರಿಕೆಯಲ್ಲಿ ಕಾಯಂ ಮಾಡಿ ಬರೆದರು. ಅಲ್ಲಿಂದ ಈಚೆಗೆ ನಾಲ್ಕು ಹೊಸ ಮೇಸ್ತ್ರಿಗಳು ಬೇರೆ ಬೇರೆ ಗ್ಯಾಂಗಿನಿಂದ ಬಂದು, ಆವುಲಪ್ಪನವರ ಹಿಂದೆ ಒಂದೊಂದು ವಾರ ನಿಂತು ಕಲಿತು ಹೋಗಿದ್ದಾರೆ. ಅವರು ಏನು ಹೇಳಿಕೊಟ್ಟರು ಎಂದು ಕೇಳಿದರೆ ನಾಲ್ವರೂ ತಬ್ಬಿಬ್ಬಾಗುತ್ತಾರೆ. ಏನೂ ಹೇಳಿಲ್ಲವಂತೆ. ಭಾರ ಹೊತ್ತು ನಡೆಯುವಾಗ ಮುನಿಶಾಮಿ ಈಗಲೂ ಪದ ಹೇಳುತ್ತಾರೆ. ಆದರೆ ಕಣ್ಣು ಆವುಲಪ್ಪನವರ ಕೈಯ ಮೇಲಿರುತ್ತದೆ. ಕೈ ಎದ್ದರೆ ಪದ ಅರ್ಧಕ್ಕೇ ನಿಲ್ಲುತ್ತದೆ. ಮುನಿಶಾಮಿಯ ಕಾಲಿನ ಮೇಲೆ ಕಂಬಿ ಬಿದ್ದ ದಿನದಿಂದ ಈಚೆಗೆ ಗ್ಯಾಂಗಿನ ಒಬ್ಬರಿಗೂ ಹೊಲಿಗೆ ಹಾಕಿಸುವಂಥ ಗಾಯವಾಗಿಲ್ಲ.

ಇದನ್ನು ಹೊಗಳಿದರೆ ಆವುಲಪ್ಪನವರು ಕಸಿವಿಸಿಗೊಳ್ಳುತ್ತಾರೆ. "ಅವ್ರು ನೋಡ್ತಾರೆ, ಅದಕ್ಕೇ ಆಯ್ತದೆ" ಎನ್ನುತ್ತಾರೆ. ಮುನಿಶಾಮಿಯ ಎಡಗಾಲಿನ ಕಡೆ ಕಣ್ಣು ಹೋಗುತ್ತದೆ. "ಅದೊಂದು ನನ್ನದೇ" ಎನ್ನುತ್ತಾರೆ.

ಬರುವ ವರ್ಷ ನಿವೃತ್ತಿ. ಮುಂದಿನ ಮೇಸ್ತ್ರಿ ಯಾರೆಂದು ಕೇಳಿದಾಗ ಅವರು ಬೆರಳು ತೋರಿಸಿದ್ದು ಫಕ್ಕೀರಪ್ಪನವರ ಕಡೆಗೆ. ಫಕ್ಕೀರಪ್ಪ ಒಳ್ಳೆಯ ಮಾತುಗಾರರು. ಏಕೆ ಅವರೇ ಎಂದರೆ, "ಬಾಯಿ ಜಾಸ್ತಿ. ಆದ್ರೆ ಬಗ್ಗಿ ಕಣ್ಣಿಟ್ರೆ ಅದು ತಾನೇ ಮುಚ್ಚೋಯ್ತದೆ. ನೋಡಿದ್ದೀನಿ" ಎಂದು ಉತ್ತರ.

ಅವರಿಗೇ ಏನಾದರೂ ಆಸೆಯಿದೆಯೇ ಎಂದು ಕೇಳಿದಾಗ ಆವುಲಪ್ಪನವರು ಕೊಂಡಮ್ಮನವರು ತಂದಿಟ್ಟ ಕಾಫಿಯನ್ನು ಕುಡಿದು ಮುಗಿಸಿದರು. ಆಮೇಲೆ ಅವರು ಇಷ್ಟು ಹೇಳಿದರು. ಈ ಬರಹಕ್ಕಾಗಿ ಅವರು ಆಡಿದ ಮಾತುಗಳಲ್ಲಿ ಅದೇ ಉದ್ದವಾದದ್ದು.

"ರಿಟೈರ್ ಆಗೋ ದಿನ ಹಾರ ಹಾಕಿ, ಎಲ್ಲಾರ್ ಮುಂದೆ ನಿಲ್ಸಿ, ಎರಡು ಮಾತಾಡು ಅಂತಾರಂತೆ. ಅದೊಂದು ಬ್ಯಾಡ ಅಂತ ಯಾರಾದ್ರೂ ಹೇಳಿದ್ರೆ ಚೆನ್ನಾಗಿತ್ತು. ಹಾರ ಬೇಕಾದ್ರೆ ಹಾಕ್ಲಿ. ಹನ್ನೆರಡು ಜನಾನೂ ಹಾರೆ ಒಳಗಿಟ್ಟು, ಸೈಕಲ್ ಹತ್ತಿ, ಅವ್ರವ್ರ ಮನೆ ದಾರಿ ಹಿಡಿಯೋದು ನೋಡ್ತೀನಿ. ಆಮೇಲೆ ನಾನೂ ಹೊರಡ್ತೀನಿ."